ಗೋದಾಮಿನ ಹಲಗೆಯ ತೊಟ್ಟಿಲು

ಕಳೆದ ಭಾನುವಾರ ಹಿತ್ತಲಿನಲ್ಲಿ ಕುಳಿತು ಹಳೆಯ ಹಲಗೆಯೊಂದಕ್ಕೆ ಪಾಲಿಶ್ ಪೇಪರ್ ತಿಕ್ಕುತ್ತಿದ್ದೆ. ನಾಲ್ಕು ಸಲ ಕೈಯಾಡಿಸಿರಲಿಲ್ಲ, ಮೂಗಿಗೆ ಘಾಟು ಬಡಿಯಿತು. ಒಣಮೆಣಸಿನಕಾಯಿಯ ಘಾಟು. ಕಣ್ಣು ಉರಿದವು, ಗಂಟಲು ಕೆರೆಯಿತು, ಒಂದರ ಮೇಲೊಂದು ಐದಾರು ಸೀನು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಆ ಹಲಗೆಯನ್ನೇ ನೋಡುತ್ತ ನಿಂತೆ. ಹದಿಮೂರು ವರ್ಷದ ಹಿಂದೆ ನಾನೇ ಕೈಯಾರೆ ಮಾಡಿದ ತೊಟ್ಟಿಲಿನ ತಳದ ಹಲಗೆ ಅದು. ಆಗ ನೆನಪಾದವಳು ಬ್ಯಾಡಗಿಯ ನಮ್ಮ ಪಕ್ಕದ ಮನೆಯ ಕಾಕು. ಪ್ರೀತಿಯಿಂದ ನೆನಪಾದಳು ಎಂದುಕೊಳ್ಳಬೇಡಿ. ಆಕೆ ಹೋಗಿ ಮೂರು ವರ್ಷವಾಯಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಆಡದೆ ಇರುವುದು ನನ್ನಿಂದ ಆಗುವುದಿಲ್ಲ.

ಕಾಕು ಎಂದರೆ ಸಂಬಂಧಿಕಳೇನಲ್ಲ. ನಮ್ಮ ಕಡೆ ಓಣಿಯ ಹಿರಿಯ ಹೆಂಗಸರನ್ನೆಲ್ಲ ಹಾಗೆಯೇ ಕರೆಯುತ್ತೇವೆ. ಆಕೆಯ ತವರು ರಾಣೇಬೆನ್ನೂರು. ಮದುವೆಯಾಗಿ ಬ್ಯಾಡಗಿಗೆ ಬಂದು ನಲವತ್ತು ವರ್ಷವಾಗಿದ್ದರೂ ಆಕೆಯ ಬಾಯಲ್ಲಿ ರಾಣೇಬೆನ್ನೂರು ಮಾತ್ರ ಊರು, ನಮ್ಮದು ಬರೀ ಮೆಣಸಿನಕಾಯಿ ಚೀಲ. ಅಲ್ಲಿಯ ಹತ್ತಿ ಎಂಥದು, ಅಲ್ಲಿಯ ಗಾಳಿ ಎಂಥದು, ಅಲ್ಲಿಯ ನೀರಿಗೆ ಬೇಳೆ ಹೇಗೆ ಬೇಯುತ್ತದೆ... ಕೇಳಿ ಕೇಳಿ ನಮಗೆ ಆ ಊರಿನ ಬಸ್ಸು ಕಂಡರೂ ಮೈ ಉರಿಯುತ್ತಿತ್ತು. ಸಂಕ್ರಾಂತಿ ಕಳೆದು ಮಾರ್ಕೆಟ್ಟಿಗೆ ಮಾಲು ತುಂಬತೊಡಗಿತೆಂದರೆ ಆಕೆ ಮೂಗಿಗೆ ಸೆರಗು ಕಟ್ಟಿಕೊಳ್ಳುತ್ತಿದ್ದಳು, ಬೇಸಿಗೆ ಮುಗಿಯುವ ತನಕ ಬಿಚ್ಚುತ್ತಿರಲಿಲ್ಲ. ಆಕೆ ಸೀನಿದರೆ ಓಣಿಯ ಆ ತುದಿಯಿಂದ ಈ ತುದಿಗೆ ಕೇಳುತ್ತಿತ್ತು.

ನಾವು ಬ್ಯಾಡಗಿಯಲ್ಲಿ ಹುಟ್ಟಿದವರು ಆಕೆಯನ್ನು ನೋಡಿ ನಗುತ್ತಿದ್ದೆವು. ನಮಗೆ ಘಾಟೆಂದರೆ ಏನೆಂದೇ ತಿಳಿಯದು. ಹುಟ್ಟಿದಾಗಿನಿಂದ ಅದೇ ಗಾಳಿ ಕುಡಿದ ಮೂಗು, ಮೆಣಸಿನಕಾಯಿಯ ರಾಶಿಯ ಮೇಲೆ ನಿದ್ದೆ ಮಾಡೆಂದರೂ ಮಾಡೀತು. ಹೊರಗಿನಿಂದ ಬಂದ ನೆಂಟರು ಸ್ಟೇಷನ್ನಿನಲ್ಲಿ ಇಳಿದವರೇ ಕೆಮ್ಮತೊಡಗಿದರೆ ಇವರಿಗೇನು ಬಂತಪ್ಪ ಎಂದು ಮುಖ ಮುಖ ನೋಡಿಕೊಳ್ಳುತ್ತಿದ್ದೆವು.

ಕಾಕುವಿನ ಮೂಗು ಸೀನುವುದಕ್ಕಷ್ಟೇ ಇದ್ದದ್ದಲ್ಲ. ಯಾರ ಮನೆಯಲ್ಲಿ ಹಾಲು ಸೀದಿತು, ಶ್ರಾವಣದಲ್ಲಿ ಯಾರು ಕದ್ದು ತತ್ತಿ ಬೇಯಿಸಿದರು, ಯಾರ ಬಚ್ಚಲು ಕಟ್ಟಿದೆ, ಎಲ್ಲ ಆಕೆಗೆ ಗೊತ್ತು. ಗೊತ್ತಾದರೆ ಸಾಲದು, ಹೇಳಬೇಕು. ಅದೂ ನಾಲ್ಕು ಜನ ಕೂಡಿದಲ್ಲೇ ಹೇಳಬೇಕು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸುವ ಜಾತಿ.

ನನ್ನ ಮೇಲಂತೂ ಆಕೆಗೆ ಒಂದು ಕಣ್ಣು ಹೆಚ್ಚೇ ಇತ್ತು. ಅದಕ್ಕೆ ಕಾರಣ ನನ್ನ ಹುಚ್ಚು. ಹಳೆಯ ಸಾಮಾನು ಕಂಡರೆ ನನಗೆ ಕೈ ತುರಿಸುತ್ತದೆ. ಅಪ್ಪ ತೀರಿಕೊಂಡ ಮೇಲೆ ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತ ಅವ್ವನನ್ನೂ ತಂಗಿಯನ್ನೂ ನೋಡಿಕೊಂಡಿದ್ದವಳು ನಾನು. ಮನೆಯಲ್ಲಿ ಒಂದು ನೆಟ್ಟಗಿನ ಕುರ್ಚಿ ಇರಲಿಲ್ಲ. ಗುಜರಿಯಿಂದ ಹೊಲಿಗೆ ಯಂತ್ರದ ಕಬ್ಬಿಣದ ಕಾಲು ತಂದು ಮೇಲೆ ಹಲಗೆ ಕೂಡಿಸಿ ಮೇಜು ಮಾಡಿದೆ. ಯಾರೋ ಕಿತ್ತೆಸೆದ ಕಿಟಕಿಯ ಚೌಕಟ್ಟಿಗೆ ಕನ್ನಡಿ ಹಾಕಿದೆ. ಗರಗಸ, ಉಳಿ, ರಂದಾ ಎಲ್ಲ ಬಡಿಗರ ಮನೆಯ ಕಟ್ಟೆಯ ಮೇಲೆ ಕುಳಿತು ನೋಡಿ ನೋಡಿಯೇ ಕಲಿತೆ. ಮನೆಗೆ ಬಂದವರು ಇದನ್ನು ಎಲ್ಲಿ ಕೊಂಡಿರಿ ಎಂದು ಕೇಳಿದರೆ ನನಗೆ ಎರಡು ದಿನ ಹಸಿವಾಗುತ್ತಿರಲಿಲ್ಲ.

ಕಾಕು ಮಾತ್ರ ಬಾಗಿಲಲ್ಲಿ ನಿಂತು ಒಳಗೆ ಇಣುಕಿ, "ಯಾರರ ಮನಿ ಮುರದದ್ದನ್ನ ತಂದು ನಿನ್ನ ಮನಿ ತುಂಬಾಕತ್ತೀಯಲ್ಲ, ನಿಮ್ಮವ್ವ ಏನೂ ಅನ್ನೂದಿಲ್ಲೇನು?" ಎನ್ನುತ್ತಿದ್ದಳು. ಸತ್ತವರು ಮಲಗಿದ ಮಂಚ ಯಾವುದೋ, ಜಗಳವಾದ ಮನೆಯ ಬಾಗಿಲು ಯಾವುದೋ ಎಂದು ಅವ್ವನ ತಲೆಯಲ್ಲಿ ಹುಳು ಬಿಡುತ್ತಿದ್ದಳು. ಅವ್ವ ಪಾಪ, ಆಕೆ ಹೋದ ಮೇಲೆ ನನ್ನ ಮೇಜಿನ ಸುತ್ತ ಉಪ್ಪು ನಿವಾಳಿಸುತ್ತಿದ್ದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು, ಮೊದಲಿನಿಂದಲೂ. ಆದರೂ ಹಿರಿಯಳೆಂದು ಸಹಿಸಿಕೊಂಡಿದ್ದೆ.

ತಂಗಿಗೆ ಮೋಟೆಬೆನ್ನೂರಿನಲ್ಲಿ ಸಂಬಂಧ ಕೂಡಿಬಂತು. ಒಕ್ಕಲುತನದ ದೊಡ್ಡ ಮನೆ. ಮರುವರ್ಷ ಮೊದಲ ಬಾಣಂತನಕ್ಕೆ ನಮ್ಮಲ್ಲಿಗೆ ಬಂದಳು. ಮೊದಲ ಕೂಸನ್ನು ಗಂಡನ ಮನೆಗೆ ಕಳಿಸುವಾಗ ತವರಿನವರು ತೊಟ್ಟಿಲು ಕೊಡಬೇಕು. ಅದೂ ನಮ್ಮ ಸೀಮೆಯಲ್ಲಿ ಕಲಘಟಗಿಯ ಬಣ್ಣದ ತೊಟ್ಟಿಲೆಂದರೆ ಆ ಮನೆತನದ ತೂಕವೇ ಬೇರೆ. ಬೀಗರು ಬಾಯಿಬಿಟ್ಟು ಕೇಳಲಿಲ್ಲ. ಆದರೆ ತಂಗಿಯ ಅತ್ತೆ ಬಂದಾಗಲೊಮ್ಮೆ ತಮ್ಮ ಹಿರಿಸೊಸೆಯ ತವರಿನಿಂದ ಬಂದ ತೊಟ್ಟಿಲಿನ ಬಣ್ಣ ಇನ್ನೂ ಹೇಗೆ ಮಿಂಚುತ್ತದೆ ಎಂಬುದನ್ನು ಹೇಳದೆ ಹೋಗುತ್ತಿರಲಿಲ್ಲ. ಅಂಥದ್ದನ್ನು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಕೊಡದೆ ಇದ್ದರೆ ತಂಗಿ ಜೀವನವಿಡೀ ಮಾತು ಕೇಳಬೇಕು.

ನಾನೇ ಮಾಡುತ್ತೇನೆ ಎಂದೆ. ಅವ್ವ ಹೌಹಾರಿದಳು. ತಂಗಿ ಮಾತ್ರ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಅಕ್ಕ ಮಾಡಿದ್ದರಾಗs ಹಾಕ್ತೇನವ್ವ ನನ್ನ ಕೂಸಿನ್ನ" ಎಂದಳು. ಆ ಮಾತು ನನಗೆ ಎಷ್ಟು ಬಲ ಕೊಟ್ಟಿತೆಂದರೆ, ಆ ಎರಡು ತಿಂಗಳು ನಾನು ನೆಲದ ಮೇಲೆ ನಡೆಯಲಿಲ್ಲ.

ಆಗ ಮಾರ್ಕೆಟ್ಟಿನ ಹಿಂದೆ ಒಂದು ಹಳೆಯ ಗೋದಾಮು ಕೆಡವುತ್ತಿದ್ದರು. ಮೆಣಸಿನಕಾಯಿ ಚೀಲಗಳಿಗೆ ನೆಲದ ತೇವ ತಾಗದಿರಲೆಂದು ಅಡಿಗೆ ಹಾಸುತ್ತಿದ್ದ ಸಾಗವಾನಿ ಹಲಗೆಗಳನ್ನು ಹೊರಗೆ ಒಟ್ಟಿದ್ದರು. ಎಂಥ ಹಲಗೆ! ಒಂದು ಗಂಟಿಲ್ಲ, ಹುಳು ಮುಟ್ಟಿಲ್ಲ. ಬಣ್ಣವೋ, ಹಚ್ಚದೆಯೇ ಕೆಂಪು. ಹಳೆಯ ಸಾಗವಾನಿ ಮಾಗಿದರೆ ಹೀಗೆಯೇ ಆಗುತ್ತದೆ ಎಂದು ನಾನು ಎಲ್ಲರಿಗೂ ಹೇಳಿದೆ. ತಂದು ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆದೆ, ವಾರವಿಡೀ ಬಿಸಿಲಿಗೆ ಹಾಕಿದೆ, ಮೂಗಿಗೆ ಹಿಡಿದು ನೋಡಿದೆ. ಅವ್ವನಿಗೂ ಹಿಡಿದೆ. ಏನೂ ವಾಸನೆ ಇಲ್ಲ. ರಂದಾ ಹೊಡೆದೆ. ಆಗಲೂ ಏನೂ ಇಲ್ಲ. ನಮ್ಮ ಮೂಗಿಗೆ ಏನು ತಾನೇ ಇದ್ದೀತು.

ಹೊರಗಡೆ ಕೆಂಪು, ಹಳದಿ, ಹಸಿರು ಬಣ್ಣ ಕೊಟ್ಟು ಗಿಳಿ, ಕಮಲ, ಬಳ್ಳಿ ಬರೆದೆ. ಒಳಗೆ ಮಾತ್ರ ಬಣ್ಣವನ್ನೂ ವಾರ್ನಿಶ್ಶನ್ನೂ ಬಳಿಯಲಿಲ್ಲ. ಎಳೆಯ ಕೂಸಿಗೆ ಅದರ ವಾಸನೆ ಹತ್ತಬಾರದು, ಬರೀ ಕಟ್ಟಿಗೆಯೇ ಒಳ್ಳೆಯದು ಎಂಬ ಜಾಣತನ ನನ್ನದು. ಅಂಚು ಕೈಗೆ ಚುಚ್ಚದಂತೆ ಎಷ್ಟು ತಿಕ್ಕಿದ್ದೆನೆಂದರೆ ನನ್ನ ಹೆಬ್ಬೆರಳಿನ ಗೆರೆ ಅಳಿಸಿತ್ತು. ಮುಗಿಸಿ ಅಂಗಳದಲ್ಲಿ ಇಟ್ಟಾಗ ಓಣಿಯ ಜನವೆಲ್ಲ ಬಂದು ನೋಡಿದರು. ಕಲಘಟಗಿಯದೇ ಎಂದರು. ಬೀಗರಿಗೂ ಹಾಗೆಯೇ ತಿಳಿಯಲಿ, ನಾವು ಬಾಯಿಬಿಡುವುದು ಬೇಡ ಎಂದು ಅವ್ವ ಹೇಳಿದಳು. ಕಾಕು ತನ್ನ ಕಟ್ಟೆಯಿಂದ ಇಳಿಯಲಿಲ್ಲ.

ಹೆಣ್ಣು ಕೂಸು ಹುಟ್ಟಿತು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕುವ ಶಾಸ್ತ್ರ. ಮೋಟೆಬೆನ್ನೂರಿನಿಂದ ಬೀಗರು ಒಂದು ಟ್ರ್ಯಾಕ್ಸ್ ತುಂಬ ಬಂದಿಳಿದರು. ತಂಗಿಯ ಅತ್ತೆ ಮೊದಲು ತೊಟ್ಟಿಲಿನ ಸುತ್ತ ಒಂದು ಸುತ್ತು ಬಂದು ಗಿಳಿಯ ಮೇಲೆ ಬೆರಳಾಡಿಸಿ, "ಚಲೋ ಐತ್ರಿ" ಎಂದರು. ಆ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು. ನಾನು ಗೆದ್ದೆ ಎಂದುಕೊಂಡೆ. ಪದ್ಧತಿಯಂತೆ ಮೊದಲು ಸೀರೆ ಸುತ್ತಿದ ಗುಂಡುಕಲ್ಲನ್ನು ತೊಟ್ಟಿಲಲ್ಲಿ ಹಾಕಿ ತೆಗೆದರು. ಕೂಸಿನ ಸೋದರತ್ತೆ ಕಿವಿಯಲ್ಲಿ ಕುರ್ರ್ ಎಂದು ಹೆಸರು ಊದಲು ಸಿದ್ಧಳಾದಳು, ಅವಳ ಬೆನ್ನಿಗೆ ಗುದ್ದಲು ಹುಡುಗಿಯರು ಕೈ ಬಿಗಿ ಹಿಡಿದು ನಿಂತರು. ಅವ್ವ ಕೂಸನ್ನು ಎತ್ತಿಕೊಂಡು ಬಂದಳು.

ಅಷ್ಟರಲ್ಲಿ ಕಾಕು ಎದ್ದಳು. ಜನರನ್ನು ಸರಿಸಿಕೊಂಡು ಬಂದು ತೊಟ್ಟಿಲಿನೊಳಗೆ ತಲೆ ಹಾಕಿದಳು. ಹಾಕಿದವಳೇ ಸೀನಿದಳು. ಒಂದಲ್ಲ, ಮೂರು ಸೀನು. ಶುಭಕಾರ್ಯದ ಹೊತ್ತಿನಲ್ಲಿ, ಅದೂ ಕೂಸು ಹಾಕುವ ತೊಟ್ಟಿಲಿನೊಳಗೇ! ಹಾಡುತ್ತಿದ್ದವರು ಹಾಡು ನಿಲ್ಲಿಸಿದರು. ಅವ್ವ ಕೂಸನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದಳು.

"ಇದರಾಗ ಕೂಸಿನ್ನ ಹಾಕಬ್ಯಾಡ್ರಿ," ಎಂದಳು ಕಾಕು, ಮೂಗು ಒರೆಸಿಕೊಳ್ಳುತ್ತ. "ಗೋದಾಮಿನ ಹಲಗಿ ಅದು. ಮೆಣಸಿನಕಾಯಿ ಘಾಟು ಕುಡದು ಕುಂತೈತಿ."

ಬೀಗರೆಲ್ಲ ಒಬ್ಬೊಬ್ಬರಾಗಿ ಬಾಗಿ ಮೂಸಿದರು. ಅವರೂ ಮೆಣಸಿನಕಾಯಿ ಬೆಳೆಯುವವರೇ, ಯಾರಿಗೂ ಏನೂ ಹತ್ತಲಿಲ್ಲ. ಆದರೆ ತಂಗಿಯ ಅತ್ತೆ ಮೂಸಲಿಲ್ಲ. ಆಕೆಗೆ ಬೇಕಾದದ್ದು ಸಿಕ್ಕಿತ್ತು. "ಗೋದಾಮಿಂದ ತಂದ ಹಲಗೀನ? ಹಂಗಾರ ಇದು ಹೊಸಾದಲ್ಲೇನು?" ಎಂದರು. ಅವ್ವನ ಮುಖ ನೋಡಲಾಗಲಿಲ್ಲ. ನನ್ನ ಸಿಟ್ಟು ನೆತ್ತಿಗೇರಿತು. ಕಾಕುವಿನ ಎದುರಿಗೆ ಹೋಗಿ ನಿಂತು, "ನಿಮ್ಮ ಮೂಗು ನಿಮ್ಮ ಮನ್ಯಾಗ ಇಟಗೊಳ್ರಿ! ಇನ್ನೊಮ್ಮಿ ನಮ್ಮ ಹೊಸ್ತಿಲಾ ದಾಟಿದ್ರ ಚಲೋ ಆಗೂದಿಲ್ಲ" ಎಂದೆ. ಇನ್ನೂ ಏನೇನೋ ಎಂದೆ. ಆಕೆಗೆ ಮೊಮ್ಮಕ್ಕಳಿರಲಿಲ್ಲ, ಅದನ್ನೂ ಎತ್ತಿ ಆಡಿದೆ. ಕಾಕು ನನ್ನನ್ನೊಮ್ಮೆ ನೋಡಿದಳು, ಆಮೇಲೆ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ ತಂಗಿಯನ್ನು ನೋಡಿದಳು. ಏನೂ ಅನ್ನದೆ ಚಪ್ಪಲಿ ಮೆಟ್ಟಿಕೊಂಡು ಹೋದಳು. ನಾಚಿಕೆಯಿಂದ ಬಾಯಿ ಕಟ್ಟಿತು ಎಂದುಕೊಂಡೆ.

ಸೀನಿನ ಅಪಶಕುನವಾದ ತೊಟ್ಟಿಲಲ್ಲಿ ಕೂಸು ಹಾಕಲು ಯಾರೂ ಒಪ್ಪಲಿಲ್ಲ. ಅವ್ವನ ಹಳೆಯ ಸೀರೆಯ ಜೋಲಿ ಕಟ್ಟಿ ಹೆಸರಿಟ್ಟರು. ಮೂರು ತಿಂಗಳ ನಂತರ ತಂಗಿ ಹೊರಟಾಗ ಬೀಗರು ತಮ್ಮ ಹಿರಿಸೊಸೆಯ ತೊಟ್ಟಿಲೇ ಸಾಕು ಎಂದರು. ನನ್ನದು ಅಟ್ಟಕ್ಕೇರಿತು. ತಂಗಿಯನ್ನು ಗಂಡನ ಮನೆಯಲ್ಲಿ ಎಷ್ಟೋ ವರ್ಷ "ಗೋದಾಮಿನ ತೊಟ್ಟಿಲದಾಕಿ" ಎಂದು ಆಡಿಕೊಂಡರಂತೆ. ಅದನ್ನು ಕೇಳಿದಾಗಲೊಮ್ಮೆ ನಾನು ಕಾಕುವಿಗೆ ಮನಸ್ಸಿನಲ್ಲೇ ಶಾಪ ಹಾಕಿದ್ದೇನೆ. ಮೊದಲೇ ಅನುಮಾನವಿದ್ದರೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತಲ್ಲ? ಗೋದಾಮು ಎಂಬ ಮಾತೇ ಎತ್ತಬೇಕಾಗಿರಲಿಲ್ಲವಲ್ಲ?

ಮಾತು ನಿಂತಿತು. ಎರಡು ಮನೆಗಳ ನಡುವೆ ಒಂದೇ ಗೋಡೆ, ಆಕೆ ಸೀನಿದರೆ ನಮ್ಮ ಮನೆಯ ಪಾತ್ರೆ ಅಲುಗಾಡಬೇಕು, ಆದರೂ ಮಾತಿಲ್ಲ. ಅವ್ವ ಒಂದೆರಡು ಸಲ, "ಸಿಟ್ಟಿನಾಗ ಕೊಯ್ಕೊಂಡ ಮೂಗು ಶಾಂತ ಆದಮ್ಯಾಲ ಬರ್ತೈತೇನು, ಸಾಕು ಬಿಡು" ಎಂದಳು. ನಾನು ಬಿಡುವವಳಲ್ಲ.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಕಾಕು ನಮ್ಮ ಬಾಗಿಲಿಗೆ ಬಂದಳು. ಹೊಸ್ತಿಲ ಹೊರಗೇ ನಿಂತಳು. ತೀರಿಹೋದ ತನ್ನ ಗಂಡ ಕೂಡುತ್ತಿದ್ದ ಬೆತ್ತದ ಆರಾಮ ಕುರ್ಚಿಯನ್ನು ಆ ವಯಸ್ಸಿನಲ್ಲಿ ತಾನೇ ಎಳೆದುಕೊಂಡು ತಂದಿದ್ದಳು. ಬೆತ್ತ ಹರಿದು ಜೋತಿತ್ತು, ಒಂದು ಕಾಲು ಸಡಿಲವಾಗಿತ್ತು. "ನಿನಗ ಬರ್ತೈತಲ್ಲ, ಇದನ್ನೊಂದೀಟು ನೆಟ್ಟಗ ಮಾಡಿಕೊಡವಾ" ಎಂದಳು. ಹಳೆಯ ಸಾಮಾನಿಗೆ ಮೂಗು ಮುರಿಯುತ್ತಿದ್ದ ಹೆಂಗಸು! ನಾನು ಮುಖ ನೋಡದೆ "ಇಡ್ರಿ" ಎಂದೆ.

ಆ ಕುರ್ಚಿಯನ್ನು ನಾನು ಮುಟ್ಟಲಿಲ್ಲ. ಅಂಗಳದಲ್ಲಿ ಆಕೆಗೆ ಕಾಣುವಂತೆಯೇ ಬಿಟ್ಟೆ. ಮಳೆಗಾಲ ಬಂತು. ಒಳಗಿಡು ಎಂದು ಅವ್ವ ಹೇಳಿದರೂ ಕೇಳಲಿಲ್ಲ. ಕಾಲುಗಳು ಊದಿ ಬಿರಿದವು, ಕೈಯಿಡುವ ಹಲಗೆಯ ಮೇಲೆ ಹಾವಸೆ ಬೆಳೆಯಿತು. ಕಾಕು ದಿನಾ ಕಟ್ಟೆಯ ಮೇಲೆ ಕುಳಿತು ಅದನ್ನು ನೋಡುತ್ತಿದ್ದಳು. ಕೇಳಲಿಲ್ಲ, ವಾಪಸು ಒಯ್ಯಲೂ ಇಲ್ಲ. ಬೇಕಂತಲೇ ಮಾಡಿದೆ, ಸುಳ್ಳು ಹೇಳುವುದಿಲ್ಲ. ಕಟ್ಟಿಗೆಯ ಮೇಲೆ ಜೀವವಿಟ್ಟುಕೊಂಡವಳು ನಾನು, ಒಂದು ಒಳ್ಳೆಯ ಕುರ್ಚಿಯನ್ನು ಕೈಯಾರೆ ಕೊಳೆಸಿದ್ದು ಅದೊಂದೇ ಸಲ.

ಆಮೇಲೆ ನನಗೆ ಹಾವೇರಿಯ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿತು. ಅವ್ವನನ್ನು ಕರೆದುಕೊಂಡು ಬಂದೆ, ಬ್ಯಾಡಗಿಯ ಮನೆ ಬಾಡಿಗೆಗೆ ಕೊಟ್ಟೆ. ಈಗ ಇಲ್ಲಿ ಹತ್ತು ವರ್ಷ. ಮನೆಯ ಒಂದು ಸಾಮಾನೂ ಹೊಸದಲ್ಲ. ಹರಾಜಿನಲ್ಲಿ ಹಿಡಿದ ಕಚೇರಿಯ ಕುರ್ಚಿಗಳು, ಹಳೆಯ ಬಾಗಿಲಿನ ಊಟದ ಮೇಜು, ಎತ್ತಿನ ಗಾಡಿಯ ನೊಗದಿಂದ ಮಾಡಿದ ಗೂಟ. ಓಣಿಯ ಹುಡುಗಿಯರು ಬಂದು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಕಾಕು ಸತ್ತ ಸುದ್ದಿ ಬಂದ ದಿನ ಅವ್ವ ಬಸ್ಸು ಹತ್ತಿ ಹೋಗಿ ಬಂದಳು. ಅರ್ಧ ತಾಸಿನ ದಾರಿ. ನಾನು ಆ ದಿನ ಒಂದು ಕಪಾಟಿಗೆ ಬಣ್ಣ ಹಚ್ಚುತ್ತಿದ್ದೆ, ಕುಂಚ ಕೆಳಗಿಡಲಿಲ್ಲ.

ಕಳೆದ ತಿಂಗಳು ತಂಗಿಯ ಮಗಳು, ಅದೇ ಕೂಸು, ಈಗ ನನ್ನ ಭುಜಕ್ಕೆ ಬಂದಿದ್ದಾಳೆ, "ದೊಡ್ಡವ್ವ, ನನ್ನ ಪುಸ್ತಕ ಇಡಾಕ ಒಂದು ಕಪಾಟು ಮಾಡಿಕೊಡು" ಎಂದಳು. ಬ್ಯಾಡಗಿಯ ಅಟ್ಟದಿಂದ ತೊಟ್ಟಿಲು ಇಳಿಸಿ ತಂದೆ. ಬಿಚ್ಚಿದೆ. ಬಣ್ಣವಿಲ್ಲದ ಒಳಬದಿಯನ್ನು ತಿಕ್ಕತೊಡಗಿದೆ. ಆಗಲೇ ಘಾಟು ಬಡಿದದ್ದು. ಹತ್ತು ವರ್ಷ ಹಾವೇರಿಯ ಗಾಳಿ ಕುಡಿದು ನನ್ನ ಮೂಗು ಹೊರಗಿನವರ ಮೂಗಾಗಿತ್ತು. ಹದಿಮೂರು ವರ್ಷವಾದ ಮೇಲೂ ಇಷ್ಟು ಘಾಟಿದ್ದರೆ ಆ ದಿನ ಎಷ್ಟಿದ್ದೀತು... ಹದಿಮೂರು ದಿನದ ಕೂಸು ಅದರಲ್ಲಿ ಮುಖವಿಟ್ಟು ಮಲಗುತ್ತಿತ್ತು.

ಆಕೆ ಹೇಳಿದ್ದು ನಿಜ ಎಂದು ತಿಳಿದಾಗ ನನಗೆ ಬಂದದ್ದು ಕೃತಜ್ಞತೆಯಲ್ಲ, ಇನ್ನಷ್ಟು ಸಿಟ್ಟು. ಇಷ್ಟು ವರ್ಷ ಸಾಕಿಕೊಂಡು ಬಂದ ಜಗಳದಲ್ಲಿ ತಪ್ಪು ನನ್ನದೆಂದು ತೋರಿಸಿಕೊಟ್ಟು ಆಕೆ ಸತ್ತು ಹೋಗಿದ್ದಾಳೆ, ತಿರುಗಿ ಒಂದು ಮಾತು ಆಡಲು ನನಗೆ ದಾರಿಯಿಲ್ಲ. ತಡೆಯಲಾರದೆ ತಂಗಿಗೆ ಫೋನು ಹಚ್ಚಿದೆ. ಹಲಗೆಯಲ್ಲಿ ಘಾಟು ಇತ್ತವಾ, ಆ ಕಾಕು ಹೇಳಿದ್ದು ಖರೇ ಇತ್ತು, ಆದರೆ ಹೇಳುವ ರೀತಿಯೇನು ಅದು ಎಂದು ಒಂದೇ ಉಸಿರಿಗೆ ಒದರಿದೆ.

ತಂಗಿ ಎದ್ದು ಹೋಗಿ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡ ಸದ್ದು ಕೇಳಿಸಿತು. ಆಮೇಲೆ, "ನನಗ ಗೊತ್ತಿತ್ತಕ್ಕ" ಎಂದಳು.

ಶಾಸ್ತ್ರದ ಹಿಂದಿನ ದಿನ ನಾನು ಸಾಮಾನು ತರಲು ಪೇಟೆಗೆ ಹೋಗಿದ್ದಾಗ, ಅವ್ವ ಒಳಗೆ ಅಡಿಗೆಯಲ್ಲಿದ್ದಾಗ, ಆಸೆ ತಡೆಯಲಾರದೆ ಕೂಸನ್ನು ಒಮ್ಮೆ ಅದರಲ್ಲಿ ಮಲಗಿಸಿದ್ದಳಂತೆ. ಸ್ವಲ್ಪ ಹೊತ್ತಿಗೆ ಕೂಸಿನ ಮುಖ ಕೆಂಪಾಯಿತು, ಉಸಿರು ಎಳೆಯತೊಡಗಿತು. ಎತ್ತಿಕೊಂಡ ಮೇಲೆ ಸುಧಾರಿಸಿತು. ಇವಳಿಗೆ ವಾಸನೆ ತಿಳಿಯದು, ಅವ್ವನಿಗೂ ತಿಳಿಯದು. ಓಣಿಯಲ್ಲಿ ತಿಳಿಯುವ ಮೂಗು ಒಂದೇ. ಹಿತ್ತಲ ಬಾಗಿಲಿನಿಂದ ಕಾಕುವನ್ನು ಕರೆದು ತೋರಿಸಿದಳು.

"ನಿಮ್ಮಕ್ಕ ಬರಲಿ, ನಾನs ಕುಂದ್ರಿಸಿ ತಿಳಿಸಿ ಹೇಳ್ತೇನಿ ಅಂದ್ರು ಕಾಕು. ನಾನs ಬ್ಯಾಡ ಅಂದೆ. ಎರಡು ತಿಂಗಳು ಕೈ ಸವಸಿ ಮಾಡಿದ್ದಿ. ಯಾರ ಹೇಳಿದ್ರೂ ನಂಬತಿರಲಿಲ್ಲ ನೀ. ನಾ ಹೇಳಿಸೀನಿ ಅಂತ ಗೊತ್ತಾದ್ರ ನನ್ನ ಕೂಡ ಜನ್ಮದಾಗ ಮಾತಾಡತಿರಲಿಲ್ಲ. ನನ್ನ ಹೆಸರು ಹೇಳಬ್ಯಾಡ್ರಿ, ಹೆಂಗರ ಮಾಡಿ ನಿಲ್ಲಸ್ರಿ ಅಂತ ಕೈ ಮುಗದಿದ್ದೆ."

ಗೋದಾಮಿನ ಮಾತನ್ನು ಆಡಬೇಡಿ ಎಂದೂ ತಂಗಿ ಹೇಳಿದ್ದಳಂತೆ. ಬರೀ ಸೀನಿದರೆ ಮತ್ತೊಂದು ಮುಹೂರ್ತ ನೋಡಿ ಅದರಲ್ಲೇ ಹಾಕುತ್ತಾರೆ, ಖಂಡಿತ ನಿಲ್ಲಿಸಬೇಕೆಂದರೆ ಹೇಳಲೇಬೇಕು ಎಂದು ಕಾಕು ಅಂದಳಂತೆ. ಅಷ್ಟು ಜನರೆದುರು ನಾನು ಅಷ್ಟೆಲ್ಲ ಅಂದಾಗಲೂ ತಂಗಿಯ ಹೆಸರು ಎತ್ತದೆ ಹೋದಳು. ಆಮೇಲೆ ಹತ್ತು ವರ್ಷ ಬದುಕಿದ್ದಳು, ಆಗಲೂ ಎತ್ತಲಿಲ್ಲ. ಊರಿನ ಎಲ್ಲರ ಗುಟ್ಟನ್ನು ಬೀದಿಯಲ್ಲಿ ನಿಂತು ಹೇಳುತ್ತಿದ್ದ ಬಾಯಿ ಅದು.

ಈಗ ಆಕೆ ಇದ್ದಿದ್ದರೆ ಬ್ಯಾಡಗಿಗೆ ಹೋಗಿ ಎದುರಿಗೆ ನಿಂತು ತಪ್ಪಾಯಿತು ಎನ್ನುತ್ತಿದ್ದೆ ಎಂದು ಬರೆಯಬೇಕೆನಿಸುತ್ತದೆ. ಎನ್ನುತ್ತಿದ್ದೆನೋ ಇಲ್ಲವೋ, ನನ್ನ ಮೇಲೆ ನನಗೇ ನಂಬಿಕೆಯಿಲ್ಲ. ಗೋದಾಮು ಎಂದದ್ದಕ್ಕೆ ಮತ್ತೊಂದು ಜಗಳವನ್ನೇ ತೆಗೆಯುತ್ತಿದ್ದೆನೇನೋ. ಆ ಜಗಳಕ್ಕಾದರೂ ಆಕೆ ಇರಬೇಕಿತ್ತು.

ಫೋನಿನ ಆ ಕಡೆ ತಂಗಿ ಕಾಯುತ್ತಿದ್ದಳು. ಇಷ್ಟು ವರ್ಷ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಎಂದು ಬೈಯಲು ನನ್ನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳು, ಎರಡು ಮಕ್ಕಳ ತಾಯಿ, ಶಾಲೆಯಲ್ಲಿ ಪಾಟಿ ಒಡೆದುಕೊಂಡು ಬಂದಾಗಿನ ದನಿಯಲ್ಲಿ ಕೇಳಿದಳು, "ಅಕ್ಕಾ... ಸಿಟ್ಟಾದೇನು?"

ಇಲ್ಲ ಎಂದೆ. ಅವಳು ನಂಬಲಿಲ್ಲ.